ಅವರದ್ದು ಕ್ರಾಫ್ಟ್, ನಮ್ಮದು ಕೊಳೆ

ಪೇಪರಿನಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತೆ: ‘ಅಬಕಾರಿ ದಾಳಿ, ಬೆಲ್ಲದ ಕೊಳೆ ನಾಶ’. ಅದು ಬೆಲ್ಲದ ನೀರು. ಅದರಲ್ಲಿ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡ್ತಿರುತ್ತೆ. ಬೆಂಗಳೂರಿನ ಮೈಕ್ರೋಬ್ರೂವರಿಯ ಸ್ಟೀಲ್ ಟ್ಯಾಂಕಿನಲ್ಲಿ ಬೆಲ್ಲದ ಬದಲು ಮಾಲ್ಟ್ ಇರುತ್ತೆ, ಯೀಸ್ಟಿನ ಕೆಲಸ ಅದೇ. ಅಲ್ಲಿ ಅದರ ಹೆಸರು ‘ಕ್ರಾಫ್ಟ್’. ನಮ್ಮ ಕೇರಿಯ ಮಡಕೆಯಲ್ಲಿದ್ದರೆ ‘ಕೊಳೆ’.

ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಡುಗೆಮನೆಯಲ್ಲೇ ಐದು ಲೀಟರ್ ಬಿಯರ್ ಮಾಡ್ತಾನೆ. ಅಲ್ಲಿ ಮನೆಬಳಕೆಗೆ 1963ರಿಂದ ಲೈಸೆನ್ಸ್ ಬೇಕಿಲ್ಲ, ಮಾರಬಾರದು ಅಷ್ಟೆ. ಮೊನ್ನೆ ಫೋನಿನಲ್ಲಿ, ‘ಮಾವ, ಬಿಯರ್ ಮಾಡೋದು ನಾನಲ್ಲ, ಯೀಸ್ಟು. ನಾನು ಅದನ್ನ ನೋಡ್ಕೋತೀನಿ ಅಷ್ಟೆ’ ಅಂದ. 11 ಗ್ರಾಂ ಪ್ಯಾಕೆಟ್ ಇಪ್ಪತ್ತು ಲೀಟರಿಗೆ ಆಗುತ್ತಂತೆ, ಇವನ ಜಾರಿಗೆ ಕಾಲು ಭಾಗ ಸಾಕು. ಶಾಖ 18ರಿಂದ 20 ಡಿಗ್ರಿ ಇರಬೇಕು. ತಣ್ಣಗಾದರೆ ಯೀಸ್ಟ್ ಮಲಗಿಬಿಡುತ್ತೆ, ಬಿಸಿ ಹೆಚ್ಚಾದರೆ ಕೆಟ್ಟ ವಾಸನೆ. ಮುಗಿದ ಮೇಲೆ ತಳದ ಗಸಿಯನ್ನು ಕುದಿಸಿದ ಜಾರಿಗೆ ತೆಗೆದು, ಮುಚ್ಚಳ ಸಡಿಲ ಬಿಟ್ಟು ಫ್ರಿಜ್ಜಿನಲ್ಲಿಡ್ತಾನೆ. ಎರಡು ವಾರದೊಳಗೆ ಮುಂದಿನ ಸಲಕ್ಕೆ ಅದೇ ಬೀಜ. ಹುಳಿ ವಾಸನೆ ಬಂದರೆ ಚೆಲ್ಲೋದು.

ಅವನು ಹೇಳ್ತಾ ಹೋದ ಹಾಗೆ ನನಗೆ ಅಜ್ಜಿ ಕಣ್ಮುಂದೆ ಬಂದಳು. ಹಳೇ ಮಡಕೆಯಿಂದ ಒಂದು ಸೌಟು ಹೊಸದಕ್ಕೆ ಹಾಕೋಳು. ಚಳಿಗಾಲದಲ್ಲಿ ಮಡಕೆಯನ್ನು ಒಲೆ ಪಕ್ಕಕ್ಕೆ ಸರಿಸಿ ಗೋಣಿ ಸುತ್ತೋಳು. ಕಿವಿಯಿಟ್ಟು ಗುಳುಗುಳು ಸದ್ದು ಕೇಳಿ, ‘ಇನ್ನೂ ಒಂದಿನ ಬೇಕು’ ಅನ್ನೋಳು. ಓದು ಬರಹ ಬಾರದ ಆಕೆಗೆ ಯೀಸ್ಟ್ ಅನ್ನೋ ಪದ ಗೊತ್ತಿರಲಿಲ್ಲ, ಅದರ ಸ್ವಭಾವ ಪೂರಾ ಗೊತ್ತಿತ್ತು. ಯುರೋಪಿನವರೂ ಹೀಗೇ ಹಳೇ ಗಸಿ ಉಳಿಸಿಕೊಂಡೇ ಬಂದವರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಆ ಕಂಪನಿ ಅದನ್ನು ಬೇರೆ ಬ್ರೂವರಿಗಳಿಗೂ ಪುಕ್ಕಟೆ ಹಂಚಿತು. ಅವರ ವಿದ್ಯೆ ವಿಜ್ಞಾನವಾಯ್ತು. ಅಜ್ಜಿಯ ವಿದ್ಯೆ ಕೇಸಾಯ್ತು.

ಹಗಲು ಅವಳ ಕೈಯ ನೀರು ಕುಡಿಯದವರು ಕತ್ತಲಾದ ಮೇಲೆ ಅವಳ ಮಡಕೆಯದ್ದು ಕುಡಿಯೋರು. ಪೊಲೀಸರು ಬಂದಾಗ ಒಡೆದಿದ್ದು ಅವಳ ಮಡಕೆ ಮಾತ್ರ, ಕುಡಿದವರ ಹೆಸರು ಎಲ್ಲೂ ಬರಲಿಲ್ಲ.

ಹಾಗಂತ ನಾನು ಹೆಂಡದ ಪರ ಇಲ್ಲ. ಕುಡಿತ ನಮ್ಮ ಕೇರಿಗಳನ್ನು ತಿಂದಿದೆ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಗಿಳಿದ ಚಳವಳಿಯ ಮಕ್ಕಳು ನಾವು. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದಿದ್ದು ಯೀಸ್ಟಲ್ಲ, ಲಾಭಕ್ಕೆ ಬೆರೆಸಿದ ಮಿಥೈಲ್ ಆಲ್ಕೋಹಾಲ್. ಸತ್ತವರು ಬಡವರು.

ನಾನು ಕೇಳ್ತಿರೋದು ಭಟ್ಟಿ ಹಚ್ಚೋಕೆ ಲೈಸೆನ್ಸ್ ಅಲ್ಲ. ಕುಡಿತ ಬಿಡೋಣ, ಆದರೆ ಅಜ್ಜಿಯ ತಿಳಿವಳಿಕೆಗೆ ನಾಚಿಕೆಪಡೋದು ಬೇಡ. ನಮ್ಮ ಹೆಣ್ಣುಮಕ್ಕಳು ಮೈಕ್ರೋಬಯಾಲಜಿ ಓದಲಿ. ಇದು ನಮಗೆ ಹೊಸ ವಿಷಯ ಅಂತ ಯಾರಾದರೂ ಅಂದರೆ, ನಮ್ಮಜ್ಜಿಗೆ ಗೊತ್ತಿತ್ತು ಅಂತ ಹೇಳಲಿ. ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ಇಂಥದ್ದೇನು ಗೊತ್ತಿತ್ತು? ಕೇಳಿ, ಬರೆದಿಡಿ.

ಜೈ ಭೀಮ್.