ಸೋರಿ ಹೋದ ಕುದುರೆಗಳು

ನನ್ನ ಕಾರಿನಲ್ಲಿ ಗಾಳಿ ಸೋರುತ್ತಿದೆ ಎಂದು ಗೊತ್ತಾಗುವ ಮೊದಲೇ ಅದಕ್ಕೆ ಇನ್ನೂ 30 ಕುದುರೆ ಕೊಳ್ಳಲು ನಾನು ಹಣ ಹೊಂದಿಸಿಟ್ಟಿದ್ದೆ.

ಕುದುರೆ ಎಂದರೆ ಹಾರ್ಸ್‌ಪವರ್. ಬೆಂಗಳೂರಿನಲ್ಲಿ ಒಬ್ಬರು ಕಾರಿನ ಕಂಪ್ಯೂಟರಿಗೆ ಒಂದು ವಯರು ಚುಚ್ಚಿ, ಅದರೊಳಗಿನ ಲೆಕ್ಕಾಚಾರ ಬದಲಿಸಿ, ಅರ್ಧ ದಿನದಲ್ಲಿ 150 ಕುದುರೆಯ ಎಂಜಿನ್ನನ್ನು 180ಕ್ಕೆ ಏರಿಸಿಕೊಡುತ್ತಾರೆ. ಇದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಅವರು ಹೇಳಿದ್ದು 38,000 ರೂಪಾಯಿ. ನನ್ನ ಒಂದು ತಿಂಗಳ ಫೆಲೋಶಿಪ್ಪಿಗಿಂತ ನಾಲ್ಕು ಸಾವಿರ ಕಡಿಮೆ. ಆದರೆ ಫೆಲೋಶಿಪ್ಪು ತಿಂಗಳು ತಿಂಗಳು ಬರುವ ಹಣವಲ್ಲ. ನಾಲ್ಕೈದು ತಿಂಗಳು ಪತ್ತೆಯೇ ಇರುವುದಿಲ್ಲ, ಆಮೇಲೆ ಒಂದು ದಿನ ಎಲ್ಲ ಒಟ್ಟಿಗೆ ಖಾತೆಗೆ ಬಂದು ಬೀಳುತ್ತದೆ. ಆ ದಿನ ಸಂಶೋಧನಾ ವಿದ್ಯಾರ್ಥಿಯಷ್ಟು ಶ್ರೀಮಂತನೂ ಇಲ್ಲ, ಅವನಷ್ಟು ಮೂರ್ಖನೂ ಇಲ್ಲ. 2022ರಲ್ಲಿ ಅಂಥದೇ ಒಂದು ದಿನ ನಾನು ಈ ಕಾರು ಕೊಂಡದ್ದು.

2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಬಣ್ಣ ಕೆಂಪು. ನಾನು ನಾಲ್ಕನೇ ಯಜಮಾನ. ದೂರದಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರರ ಕಾರಿನ ಹಾಗೇ ಉಂಟು, ನಾಲ್ಕು ಬಾಗಿಲು, ಅಡಿಕೆ ಮೂಟೆ ಹಿಡಿಸುವಷ್ಟು ದೊಡ್ಡ ಡಿಕ್ಕಿ. ಬಾನೆಟ್ಟಿನ ಕೆಳಗೆ ಮಾತ್ರ 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರಿಗೆ ಐದೈದರಂತೆ 20 ವಾಲ್ವು. ಅದೇ ಕುಟುಂಬದ ಎಂಜಿನ್ನು ಆ ಕಾಲದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯಲ್ಲೂ ಆಡಿ ಟಿಟಿಯಲ್ಲೂ ಇತ್ತು. 2004ರಲ್ಲಿ ಆರ್‌ಎಸ್ ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ ನಾನು ಎರಡನೇ ಕ್ಲಾಸು. ಟರ್ಬೊ ಎಂದರೆ ಡೀಸೆಲ್ ಗಾಡಿ ಎಂದೇ ಜನ ತಿಳಿದಿದ್ದ ಕಾಲ. ಪುತ್ತೂರಿನಲ್ಲಿ ಶಾಲೆ ಬಸ್ಸಿಗೆ ಕಾಯುವಾಗ ಡಾಕ್ಟರೊಬ್ಬರ ಹಳದಿ ಆರ್‌ಎಸ್ ಏರಿನಲ್ಲಿ ಸುಯ್ಯೆಂದು ಉಸಿರೆಳೆದುಕೊಂಡು ಹೋಗುತ್ತಿತ್ತು. ಆ ಉಸಿರಿಗೇ ನಾನು ಬಿದ್ದದ್ದು. ಇದು ಸ್ಪೋರ್ಟ್ಸ್ ಕಾರೇ ಅಲ್ಲ, ಮೈಗೆ ಬಿಗಿ ಅಂಗಿ ಹಾಕಿದ ಮನೆ ಕಾರು ಎನ್ನುವವರಿದ್ದಾರೆ. ಎರಡು ಬಾಗಿಲಿನದು ಕೊಳ್ಳುವ ಯೋಗ ಬರುವವರೆಗೆ ನನಗೆ ಇದೇ ಸ್ಪೋರ್ಟ್ಸ್ ಕಾರು.

ಟರ್ಬೊ ಮಾಡುವ ಕೆಲಸ ಸರಳ. ಎಂಜಿನ್ನು ಬಿಡುವ ಬಿಸಿ ಹೊಗೆಯನ್ನು ಸುಮ್ಮನೆ ಸೈಲೆನ್ಸರಿಗೆ ಕಳಿಸುವ ಬದಲು ಅದರಿಂದ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚು ತುಂಬಿದರೆ ಪೆಟ್ರೋಲು ಹೆಚ್ಚು ಉರಿಸಬಹುದು, ಶಕ್ತಿ ಹೆಚ್ಚು. ಹೋಗುವ ಹೊಗೆಯಿಂದ ಬರುವ ಗಾಳಿಯನ್ನು ದುಡಿಸಿಕೊಳ್ಳುವ ಈ ಉಪಾಯಕ್ಕೆ ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಎಂಜಿನಿಯರ್ ಪೇಟೆಂಟ್ ಪಡೆದದ್ದು 1905ರಲ್ಲಿ, ನನ್ನ ಕಾರಿಗೆ ಸರಿಯಾಗಿ ನೂರು ವರ್ಷ ಮೊದಲು. ಆ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಎಂಜಿನ್ ಆಯಿಲಿನ ತೆಳು ಪದರದ ಮೇಲೆ ತೇಲಿಕೊಂಡು. ಘಾಟಿ ಹತ್ತಿಸಿ ತಕ್ಷಣ ಕೀಲಿ ತಿರುಗಿಸಿ ನಿಲ್ಲಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ, ಬಿಸಿ ಮಾತ್ರ ಉಳಿಯುತ್ತದೆ. ಬಾಣಲೆಯಲ್ಲಿ ಎಣ್ಣೆ ಸೀದು ಹಿಡಿಯುತ್ತದಲ್ಲ, ಹಾಗೆ ಒಳಗೆ ಕರಿ ಕಟ್ಟುತ್ತದೆ. ಹಾಗಾಗಿ ನಾನು ಎಲ್ಲಿ ನಿಲ್ಲಿಸಿದರೂ ಒಂದು ನಿಮಿಷ ಎಂಜಿನ್ನು ಸುಮ್ಮನೆ ಓಡಲು ಬಿಡುತ್ತೇನೆ. ಹಾಸ್ಟೆಲಿನ ಗೆಳೆಯರು ಇದಕ್ಕೆ ನನ್ನ ಸಂಧ್ಯಾವಂದನೆ ಎನ್ನುತ್ತಾರೆ.

ಮೂರು ವರ್ಷದಲ್ಲಿ ಕಾರಿಗೆ ಮಾಡಿಸಿದ್ದೆಲ್ಲ ಹೇಳಿದರೆ ಓದುವವರಿಗೆ ಬೇಸರವಾದೀತು. ಆಯಿಲು, ಬ್ರೇಕಿನ ಪ್ಯಾಡು, ಎರಡು ಕಾಯಿಲು, ಒಂದು ರೇಡಿಯೇಟರ್ ಫ್ಯಾನು. 15 ವರ್ಷ ಕಳೆದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇವೆಲ್ಲ ನನ್ನ ಲೆಕ್ಕದಲ್ಲಿ ಖರ್ಚು. ರೀಮ್ಯಾಪ್ ಮಾತ್ರ ಆಸೆ. ರಾತ್ರಿ ಪ್ರಬಂಧದ ಅಧ್ಯಾಯ ಮುಂದೆ ಹೋಗದಿದ್ದಾಗ ಫೋನಿನಲ್ಲಿ ಅದೇ ವಿಡಿಯೋಗಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಕಂಪನಿ ನಿಗದಿ ಮಾಡಿದ್ದನ್ನು ಹಾಗೆಲ್ಲ ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹೇಳಿದೆ. ರೀಮ್ಯಾಪ್ ಹೊರಗೆ ಕಾಣುವುದಿಲ್ಲ, ಯಾರು ಕೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಭೂಸುಧಾರಣಾ ಕಾಯ್ದೆಯ ಮೇಲೆ ಪಿಎಚ್‌ಡಿ ಮಾಡುವವನು ಬೇರೆ ಕಾಯ್ದೆಗೆ ಕೊಟ್ಟ ಮರ್ಯಾದೆ ಅಷ್ಟು.

ಹಣ ಹೊಂದಿಸಿಟ್ಟಿದ್ದೆ ಎಂದೆನಲ್ಲ, ಅದನ್ನೂ ಇಲ್ಲೇ ಹೇಳಿಬಿಡಬೇಕು. ಅದು ಅಪ್ಪನ ಹಣ. ಫೆಲೋಶಿಪ್ಪು ಬಾರದೆ ಐದನೇ ತಿಂಗಳು ನಡೆಯುತ್ತಿತ್ತು. ಲ್ಯಾಪ್‌ಟಾಪು ಹಾಳಾಗಿದೆ, ಹೊಸತಿಲ್ಲದೆ ಪ್ರಬಂಧ ಮುಗಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಅಪ್ಪ ಇಟ್ಟಿದ್ದ ಹಳೆ ಅಡಿಕೆ ಸ್ವಲ್ಪ ಕೊಟ್ಟು 40,000 ಹಾಕಿದರು. ಲ್ಯಾಪ್‌ಟಾಪಿನ ಒಂದು ಕೀಲು ಮುರಿದದ್ದು ಹೌದು. ಟೇಪು ಸುತ್ತಿದ್ದೇನೆ, ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ.

ಬೆಂಗಳೂರಿಗೆ ಹೊರಡುವ ಮೊದಲು ಒಮ್ಮೆ ತೋರಿಸಿಕೊಂಡು ಹೋಗೋಣ ಎಂದು ಕಾಕನ ಗ್ಯಾರೇಜಿಗೆ ಹೋದೆ. ತೊಕ್ಕೊಟ್ಟಿನ ಆಚೆ, ಶೀಟು ಹೊದೆಸಿದ ಶೆಡ್ಡು. ಬ್ಯಾರಿಗಳು ಹಿರಿಯರನ್ನು ಕಾಕ ಎನ್ನುತ್ತಾರೆ, ಅಲ್ಲಿಗೆ ಬರುವ ನಾವೆಲ್ಲರೂ ಹಾಗೇ ಕರೆಯುವುದು. ದುಬೈಯಲ್ಲಿ ಹದಿನೆಂಟು ವರ್ಷ ಜರ್ಮನ್ ಕಾರುಗಳ ಕೆಳಗೆ ಮಲಗಿ ಬಂದವರು. ನಾನು ಯೂನಿವರ್ಸಿಟಿಯವನು ಎಂದು ನನ್ನನ್ನು ಮಾಸ್ಟ್ರು ಮಾಡಿದ್ದಾರೆ.

ರೀಮ್ಯಾಪಿನ ಕತೆಯನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ಬೆಲ್ಟ್ ಯಾವಾಗ ಹಾಕಿದ್ದು ಮಾಸ್ಟ್ರೇ?"

"ಮೊದಲಿನವರು ಹಾಕಿಸಿರಬೇಕು ಕಾಕ."

"ಬೇಕು ಅಂದ್ರೆ ಎಂತ? ಬಿಲ್ಲು ಉಂಟಾ?"

ಇರಲಿಲ್ಲ. 1974ರ ತಿದ್ದುಪಡಿಯ ನಂತರ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ಅರ್ಜಿಗಳ ಕಡತ ಓದುವುದು ನನ್ನ ಕಸುಬು. ಒಂದು ಅರ್ಜಿಯ ದಿನಾಂಕ ಹುಳ ತಿಂದು ಹೋಗಿದ್ದರೆ ಅದಕ್ಕಾಗಿ ವಾರಗಟ್ಟಲೆ ತಾಲೂಕು ಕಚೇರಿಗೆ ಅಲೆದವನು ನಾನು. ನನ್ನದೇ ಕಾರಿನ ಟೈಮಿಂಗ್ ಬೆಲ್ಟಿನ ದಿನಾಂಕ ಕೇಳಬೇಕೆಂದು ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಪಿಸ್ಟನ್ನು ಮೇಲೆ ಬರುವಾಗ ವಾಲ್ವು ಮುಚ್ಚಿರಬೇಕು. ಆ ತಾಳ ತಪ್ಪದಂತೆ ಹಿಡಿದಿರುವುದು ಈ ರಬ್ಬರ್ ಬೆಲ್ಟು. ಈ ಎಂಜಿನ್ನಿನಲ್ಲಿ ಅದು ತುಂಡಾದರೆ ಪಿಸ್ಟನ್ನು ತೆರೆದ ವಾಲ್ವುಗಳಿಗೆ ಬಡಿದು ಅವು ಬಗ್ಗಿ ಹೋಗುತ್ತವೆ. ಆಮೇಲೆ 150 ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ.

ಕಾಕ ಮೇಲಿನ ಕವರಿನ ಕ್ಲಿಪ್ಪು ತೆಗೆದು ಟಾರ್ಚು ಬಿಟ್ಟರು. ಬೆಲ್ಟಿನ ಅಂಚಿನ ನೂಲು ಎದ್ದಿತ್ತು. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿರುಕು, ಬೇಸಗೆಯ ಗದ್ದೆಯ ಹಾಗೆ. ಅವರು ಏನೂ ಹೇಳಲಿಲ್ಲ. ಟಾರ್ಚು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ವಾಪಸು ಬರುವಾಗ ಅವರ ಕೈಯಲ್ಲಿ ಮೂರಿಂಚಿನ ಪಿವಿಸಿ ಪೈಪಿನ ಮುಚ್ಚಳ ಇತ್ತು, ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವಂಥದ್ದು. ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವು ಕೂರಿಸಿದ್ದರು. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪು ಬಿಚ್ಚಿ, ಅದರ ಬಾಯಿಗೆ ಈ ಮುಚ್ಚಳ ಕ್ಲಾಂಪ್ ಹಾಕಿ ಬಿಗಿದು, ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ನಿಧಾನಕ್ಕೆ ಗಾಳಿ ಬಿಟ್ಟರು. ಹತ್ತು ಪಿಎಸ್‌ಐ ಕೂಡ ಇಲ್ಲ. ಜಾಸ್ತಿ ಬಿಟ್ಟರೆ ಸೀಲು ಹೋಗ್ತದೆ ಎಂದರು. ಆಮೇಲೆ ಸಾಬೂನು ನೀರಿನ ಸ್ಪ್ರೇ ಬಾಟಲಿ ನನಗೆ ಕೊಟ್ಟರು. "ಬಿಡಿ. ಎಲ್ಲ ಪೈಪಿಗೂ ಬಿಡಿ."

ಎಂಜಿನ್ನು ನಿಂತಿತ್ತು. ಶೆಡ್ಡಿನಲ್ಲಿ ಶಬ್ದವಿಲ್ಲ. ಬಗ್ಗಿ ಕಿವಿಗೊಟ್ಟರೆ ಎರಡು ಮೂರು ಕಡೆ ಹಾವು ಬುಸುಗುಟ್ಟಿದ ಹಾಗೆ. ಮುಂದಿನ ಚಕ್ರದ ಹತ್ತಿರ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಸೇರುವ ರಬ್ಬರ್ ಪೈಪಿನ ಕೊರಳಲ್ಲಿ ನೊರೆ ಎದ್ದಿತು. ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಒಂದು ಬ್ರೀದರ್ ಪೈಪು ಬಿಸ್ಕತ್ತಿನ ಹಾಗೆ ಆಗಿತ್ತು, ಮುಟ್ಟಿದರೆ ಪುಡಿ. ಮೂರನೆಯದು ಡೈವರ್ಟರ್ ವಾಲ್ವು. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಸಾಧನ ಅದು. ಕಾಕ ಅದನ್ನು ಬಿಚ್ಚಿ, ನಳಿಗೆಯನ್ನು ಬಾಯಲ್ಲಿಟ್ಟು ಗಾಳಿ ಎಳೆದು ನಾಲಿಗೆ ಒತ್ತಿ ಹಿಡಿದರು. ಒಳಗಿನ ಪೊರೆ ಸರಿ ಇದ್ದರೆ ನಾಲಿಗೆ ಕಚ್ಚಿಕೊಂಡು ನಿಲ್ಲಬೇಕು. ನಿಲ್ಲಲಿಲ್ಲ. ಉಗುಳಿ, "ಇದೂ ಹರಿದಿದೆ" ಎಂದರು. ಯಾರನ್ನೂ ದೂರುವ ವಿಷಯ ಅಲ್ಲ ಇದು. ಇಪ್ಪತ್ತು ವರ್ಷ ಬಿಸಿಯಲ್ಲಿ ಕೂತ ರಬ್ಬರು.

ಸೋರಿಕೆಯ ವಿಚಿತ್ರ ಏನೆಂದರೆ, ಕಾರು ಅದನ್ನು ಹೇಳಿಕೊಳ್ಳುವುದಿಲ್ಲ. ಎಂಜಿನ್ನಿನ ಕಂಪ್ಯೂಟರ್ ಇಷ್ಟು ಒತ್ತಡ ಬೇಕು ಎನ್ನುತ್ತದೆ, ಸೋರಿದ್ದನ್ನು ತುಂಬಿಸಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಸ್ವಲ್ಪ ಮಂಕು, ಮೈಲೇಜು ಕಡಿಮೆ, ಸೈಲೆನ್ಸರಿನ ತುದಿಯಲ್ಲಿ ಮಸಿ. ಹಳೆ ಕಾರು ಇನ್ನೇನು ಎಂದು ನಾನು ಅಂದುಕೊಂಡಿದ್ದೆ. ಅದರ ಮೇಲೆ ರೀಮ್ಯಾಪ್ ಹಾಕಿದ್ದರೆ, ಮೊದಲೇ ಏದುಸಿರು ಬಿಡುತ್ತಿದ್ದ ಟರ್ಬೊಗೆ ಇನ್ನೂ ಓಡು ಎಂದ ಹಾಗಾಗುತ್ತಿತ್ತು, ಆ ಬೆಲ್ಟಿನ ಭರವಸೆಯಲ್ಲಿ. ನಾನು ಹೊಸ ಕುದುರೆ ಕೊಳ್ಳಲು ಹೊರಟಿದ್ದೆ. ಇದ್ದ ಕುದುರೆಗಳು ಬೇಲಿ ಮುರಿದು ಹೋಗಿದ್ದವು.

ಅಪ್ಪನ ನೆನಪಾಯಿತು. ತೋಟದ ಪಂಪು ನೀರೆತ್ತುತ್ತಿಲ್ಲ, ದೊಡ್ಡ ಮೋಟಾರು ಹಾಕಿಸಬೇಕು ಎಂದು ಯಾರು ಬಂದರೂ ಅವರು ಮೊದಲು ಹೇಳುವುದು, ಬಾವಿಗಿಳಿದು ಫುಟ್‌ವಾಲ್ವು ನೋಡು ಎಂದು. ಎಷ್ಟೋ ಸಲ ಅಲ್ಲಿ ಒಂದು ಎಲೆ ಸಿಕ್ಕಿಕೊಂಡಿರುತ್ತದೆ. ಅದನ್ನು ಕೇಳಿ ಕೇಳಿಯೇ ನಾನು ದೊಡ್ಡವನಾದದ್ದು.

ಕಾಕ ಲೆಕ್ಕ ಬರೆದರು. ಬೆಲ್ಟು, ಟೆನ್ಷನರು, ರೋಲರು, ವಾಟರ್ ಪಂಪು 19,000. ಪೈಪು, ಕ್ಲಾಂಪು, ಡೈವರ್ಟರ್ ವಾಲ್ವು 8,500. ಆಯಿಲು, ಫಿಲ್ಟರು, ಕೂಲಂಟು 6,000. ಅವರ ಮಜೂರಿ 6,000. ಅಷ್ಟು ಹಣ ಖರ್ಚಾದರೂ ಒಂದು ಕುದುರೆಯೂ ಹೆಚ್ಚಾಗುವುದಿಲ್ಲ. ಒಂದು ರಾತ್ರಿ ಪೂರ್ತಿ ನನಗೆ ಹೊಟ್ಟೆ ಉರಿಯಿತು. ಬೆಂಗಳೂರಿನವರಿಗೆ ಫೋನ್ ಮಾಡಿ, ಬೆಲ್ಟು ಆಮೇಲೆ ಹಾಕಿಸಿದರೆ ಆಗದಾ ಎಂದು ಕೇಳಿದ್ದೂ ಹೌದು. ಧಾರಾಳ ಆಗ್ತದೆ ಎಂದರು ಅವರು. ಆ "ಧಾರಾಳ" ಕೇಳಿದ ಮೇಲೆಯೇ ನನಗೆ ಹೆದರಿಕೆಯಾದದ್ದು.

ಸಾಮಾನು ಬರಲು ಹನ್ನೊಂದು ದಿನ ಬೇಕಾಯಿತು. ಪೈಪುಗಳನ್ನೆಲ್ಲ ಕಾಕ ನನ್ನ ಕೈಯಲ್ಲೇ ಹಾಕಿಸಿದರು. ಮ್ಯಾನಿಫೋಲ್ಡಿನ ಅಡಿಗೆ ಕೈ ತೂರಿಸಿ ಕಾಣದ ಕ್ಲಾಂಪು ಬಿಗಿಯುವುದರಲ್ಲಿ ನನ್ನ ಬೆರಳಿನ ಗಂಟಿನ ಚರ್ಮವೆಲ್ಲ ಹೋಯಿತು. ಬೆಲ್ಟು ಮಾತ್ರ ಮುಟ್ಟಲು ಬಿಡಲಿಲ್ಲ. ಪುಲ್ಲಿಗಳ ಮೇಲೆ ಬಿಳಿ ಬಣ್ಣದ ಗುರುತು ಹಾಕಿ, ಹೊಸ ಬೆಲ್ಟು ಏರಿಸಿ, ಸ್ಟಾರ್ಟ್ ಮಾಡುವ ಮೊದಲು ಸ್ಪ್ಯಾನರು ಹಿಡಿದು ಕೈಯಲ್ಲೇ ಎರಡು ಸುತ್ತು ಎಂಜಿನ್ ತಿರುಗಿಸಿದರು. ಎರಡು ಸುತ್ತಿನ ಕೊನೆಗೆ ಗುರುತುಗಳು ಮತ್ತೆ ಎದುರುಬದುರು ನಿಂತವು. ಅಲ್ಲಿಯವರೆಗೆ ಇಬ್ಬರೂ ಮಾತಾಡಲಿಲ್ಲ. ಹಳೆ ವಾಟರ್ ಪಂಪಿನೊಳಗಿನ ಎಲೆಚಕ್ರ ಪ್ಲಾಸ್ಟಿಕ್ಕಿನದು, ಬಿರುಕು ಬಿಟ್ಟಿತ್ತು. ಹೊಸತರದ್ದು ಲೋಹದ್ದು. ನಾನು ಈ ಕಾರಿಗೆ ಮಾಡಿಸಿದ ಅಪ್‌ಗ್ರೇಡ್ ಎಂದು ಯಾರಾದರೂ ಕೇಳಿದರೆ ತೋರಿಸಲು ಇರುವುದು ಅದೊಂದೇ. ಅದೂ ಬಿಚ್ಚದೆ ಕಾಣುವುದಿಲ್ಲ.

ಆ ಸಂಜೆ ಕೊಣಾಜೆಯ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದಾಗ ಬೆನ್ನು ಸೀಟಿಗೆ ಅಂಟಿತು. ನಾನು ಈ ಕಾರನ್ನು ಅದುವರೆಗೆ ಓಡಿಸಿಯೇ ಇರಲಿಲ್ಲ ಎನಿಸಿತು.

ಮಳೆ ಬಿಟ್ಟ ಮೇಲೆ ಅಪ್ಪನನ್ನು ಮೂಡಿಗೆರೆಯ ಅತ್ತೆ ಮನೆಗೆ ಕರೆದುಕೊಂಡು ಹೋಗಬೇಕಾಯಿತು. ಈ ಕಾರು ಕೊಂಡದ್ದೇ ಅವರಿಗೆ ಸರಿಬಂದಿರಲಿಲ್ಲ, ಅದುವರೆಗೆ ಹತ್ತಿರಲೂ ಇಲ್ಲ. ಹಿಂದಿನ ರಾತ್ರಿ ನಾನು ಜಗಲಿಯಲ್ಲಿ ಟೇಪು ಸುತ್ತಿದ ಲ್ಯಾಪ್‌ಟಾಪು ತೆರೆದು ಕೂತದ್ದನ್ನು ನೋಡಿದ್ದರು. ಏನೂ ಕೇಳಲಿಲ್ಲ. ಉಪ್ಪಿನಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಶುರುವಾಯಿತು. ಎತ್ತರ ಏರಿದ ಹಾಗೆ ಗಾಳಿ ತೆಳುವಾಗಿ ಸಾದಾ ಎಂಜಿನ್ನುಗಳು ಸ್ವಲ್ಪ ಸೊರಗುತ್ತವೆ. ಟರ್ಬೊ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಹೇರ್‌ಪಿನ್ ತಿರುವಿನಿಂದ ಎದ್ದು ಬರುವಾಗ ಅದೇ ಸುಯ್ಯೆನ್ನುವ ಉಸಿರು. ಅಪ್ಪ ಕಿಟಕಿ ಗಾಜು ಇಳಿಸಿದರು. ಚಳಿಗೆ ಅಲ್ಲ, ಕೇಳಲು ಎಂದು ನನಗೆ ಗೊತ್ತಾಯಿತು.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಹೋಟೆಲಿನ ಎದುರು ನಿಲ್ಲಿಸಿದೆ.

"ಆಫ್ ಮಾಡು. ಪೆಟ್ರೋಲು ಬಿಟ್ಟಿ ಬರ್ತದಾ?"

ಒಂದು ನಿಮಿಷ ಹೀಗೇ ಬಿಡಬೇಕು ಅಪ್ಪ, ಆಯಿಲು ತಣಿಯಬೇಕು ಎಂದೆ. ಅವರು ಬಾಗಿಲಿನ ಹಿಡಿಯಿಂದ ಕೈ ತೆಗೆದು ಹಿಂದೆ ಒರಗಿದರು. ಮುಂದಿನ ಗಾಜಿನ ಮೇಲೆ ಮಂಜು ಕೂರುತ್ತಿತ್ತು.

"ಲ್ಯಾಪ್‌ಟಾಪ್ ಒಳ್ಳೆ ಎಳೀತದೆ," ಎಂದರು.

ನನಗೆ ಅವರ ಮುಖ ನೋಡಲಾಗಲಿಲ್ಲ.

"ಎಷ್ಟಾಯಿತು?"

"ಮೂವತ್ತೊಂಬತ್ತೂವರೆ ಸಾವಿರ." ಬೆಲ್ಟು, ಪಂಪು, ಪೈಪು ಎಂದು ಒಂದೊಂದಾಗಿ ಹೇಳಿದೆ. ಮೊದಲು ಯಾತಕ್ಕೆಂದು ಇಟ್ಟಿದ್ದೆ ಎನ್ನುವುದನ್ನೂ ಹೇಳಿದೆ.

"ಉಳಿದ ಐನೂರು?"

"ಪೆಟ್ರೋಲು."

ಅವರು ವಾಚು ನೋಡಿಕೊಂಡರು. "ನಿಮಿಷ ಆಯಿತು," ಎಂದು ಬಾಗಿಲು ತೆಗೆದು ಇಳಿದರು. "ದೋಸೆಗೆ ನೀನೇ ಕೊಡು."