ಬಾನೆಟ್ ಎತ್ತಿದ ಭಾನುವಾರ

ಮನೆ ಮುಂದೆ ನಿಂತ ಕಾರಿನ ಬಾನೆಟ್ ಎತ್ತುವುದೆಂದರೆ ಬೀದಿಗೆಲ್ಲ ಅಕ್ಷತೆ ಕೊಟ್ಟು ಕರೆದ ಹಾಗೆ. ಬಾನೆಟ್ ಮುಚ್ಚಿದ ಕಾರನ್ನು ಯಾರೂ ತಿರುಗಿ ನೋಡುವುದಿಲ್ಲ. ಲಕ್ಷಗಟ್ಟಲೆ ಸುರಿದು ತಂದ ಹೊಸ ಗಾಡಿಯಾದರೂ ಅಷ್ಟೇ, ಒಂದು ವಾರ 'ಎಷ್ಟು ಕೊಡುತ್ತೆ?' ಎಂದು ಮೈಲೇಜು ವಿಚಾರಿಸಿ ಸುಮ್ಮನಾಗುತ್ತಾರೆ. ಅದೇ ಹಳೆ ಕಾರೊಂದರ ಬಾನೆಟ್ ಎತ್ತಿ, ಪಕ್ಕದಲ್ಲಿ ನಾಲ್ಕು ಸ್ಪ್ಯಾನರ್ ಹರಡಿಕೊಂಡು ಕೂತು ನೋಡಿ. ಹಾಲಿನ ಪ್ಯಾಕೆಟ್ ತರಲು ಹೊರಟವರು ಹಾಲು ಮರೆಯುತ್ತಾರೆ. ವಾಕಿಂಗ್ ಹೊರಟವರ ವಾಕಿಂಗು ಅಲ್ಲಿಗೇ ಮುಗಿಯುತ್ತದೆ. ಜಗಲಿಗಳೆಲ್ಲ ಕಾಂಪೌಂಡು, ಗೇಟು ಆಗಿಹೋದ ಬೆಂಗಳೂರಿನಲ್ಲಿ ನಾಲ್ಕು ಜನ ನಿಂತು ಮಾತಾಡಲು ಉಳಿದಿರುವ ನೆಪವಾದರೂ ಇನ್ನೇನು, ಹೇಳಿ?

ನಾನು ಎತ್ತಿದ್ದಕ್ಕೆ ಕಾರಣವಿತ್ತು. ನಮ್ಮದು ಇಪ್ಪತ್ತು ವರ್ಷದ ಹತ್ತಿರ ಬಂದ ಪುಟ್ಟ ಕಾರು. ಕಂಪನಿ ಹೆಸರು ಯಾಕೆ ಬಿಡಿ, ಈ ವಯಸ್ಸಿಗೆ ಸೋರುವುದು ಯಾವ ಕಂಪನಿಯ ತಪ್ಪೂ ಅಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎಣ್ಣೆ ಸೀದ ವಾಸನೆ ಒಳಗೆ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ಎಂಥ ವಾಸನೆ ಬಂದರೂ ಅದು ಮುಂದಿನ ಗಾಡಿಯದು ಎನ್ನುವುದು ಬೆಂಗಳೂರಿನವರೆಲ್ಲ ಒಪ್ಪಿಕೊಂಡ ಸಿದ್ಧಾಂತ. ನಮ್ಮ ಮನೆಯಾಕೆಗೆ ಅದರಲ್ಲಿ ನಂಬಿಕೆ ಇಲ್ಲ. "ರೀ, ಮುಂದೆ ನಿಂತಿರೋದು ಸೈಕಲ್ಲು" ಎಂದಳು. ಬಾನೆಟ್ ತೆಗೆದು ನೋಡಿದರೆ ಇಂಜಿನ್ನಿನ ತಲೆಯ ಮೇಲಿನ ಕವರಿನ ಅಂಚಿನುದ್ದಕ್ಕೂ ಧೂಳು ಎಣ್ಣೆ ಕುಡಿದು ಕಪ್ಪಾಗಿ ಕೂತಿದೆ. ಅಲ್ಲಿಂದ ಜಿನುಗಿದ್ದು ಒಂದೊಂದೇ ಹನಿಯಾಗಿ ಕೆಳಗಿನ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಸೀಯುತ್ತಿದೆ. ಪುಸ್ತಕದಲ್ಲಿ ಇದಕ್ಕೆ ವಾಲ್ವ್ ಕವರ್ ಗ್ಯಾಸ್ಕೆಟ್ ಹೋಗಿದೆ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ 'ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದೆ ಸಾರ್' ಎಂದು ಒಂದೇ ಉಸಿರಿನಲ್ಲಿ ತೀರ್ಪು ಬರುತ್ತದೆ.

ಆ ಕವರಿನ ಕೆಳಗೆ ನಡೆಯುವ ಕೆಲಸ ಸಾಮಾನ್ಯದ್ದಲ್ಲ. ಗಾಳಿಯನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಅಟ್ಟುವ ವಾಲ್ವುಗಳು ಅಲ್ಲಿವೆ. ಅವನ್ನು ಒತ್ತಿ ತೆರೆಯುವ ಕ್ಯಾಮ್‌ಶಾಫ್ಟು ಇಂಜಿನ್ನಿನ ಅರ್ಧ ವೇಗದಲ್ಲಿ ಸುತ್ತುತ್ತದೆ. ಲೆಕ್ಕ ಹಾಕಿ: ಇಂಜಿನ್ನು ನಿಮಿಷಕ್ಕೆ 3000 ಸುತ್ತು ಸುತ್ತಿದರೆ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ನಾವು 'ಅಯ್ಯೋ, ಸಿಗ್ನಲ್ಲು ಕೆಂಪಾಯಿತಲ್ಲ' ಎಂದು ಮುಗಿಸುವಷ್ಟರಲ್ಲಿ ಐವತ್ತು ಸಲ ಆಗಿರುತ್ತದೆ. ಇಷ್ಟೆಲ್ಲ ಬಡಿದಾಟಕ್ಕೆ ಸುತ್ತ ಎಣ್ಣೆ ಸಿಡಿಯುತ್ತಲೇ ಇರಬೇಕು. ಆ ಎಣ್ಣೆ ಒಳಗೇ ಉಳಿಯಬೇಕು. ಲೋಹದ ಮೇಲೆ ಲೋಹ ಎಷ್ಟೇ ನಯವಾಗಿ ಕೂತರೂ ನಡುವೆ ಕೂದಲೆಳೆ ಸಂದು ಇದ್ದೇ ಇರುತ್ತದೆ. ಆ ಸಂದು ತುಂಬಲು ನಡುವೆ ಮೆತ್ತಗಿನದೊಂದು ಪ್ಯಾಕಿಂಗು.

ಪ್ಯಾಕಿಂಗು ತರಲು ಹಿಂದಿನ ದಿನವೇ ಜೆ.ಸಿ. ರಸ್ತೆಗೆ ಹೋಗಿದ್ದೆ. ಆ ರಸ್ತೆಯ ತಮಾಷೆ ನೋಡಿ. ಒಂದು ತುದಿಗೆ ಟೌನ್ ಹಾಲು, ಅಲ್ಲೇ ಹತ್ತಿರ ಟ್ಯಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ. ಅಲ್ಲಿಂದ ಮುಂದಕ್ಕೆ ಕ್ಲಚ್ ಪ್ಲೇಟು, ಬ್ರೇಕ್ ಶೂ, ಸೀಟ್ ಕವರು, ಹಾರನ್ನು. ಸಂಜೆ ನಾಟಕಕ್ಕೆ ಬಂದವರು ಮಧ್ಯಾಹ್ನವೇ ಬಂದು ಫ್ಯಾನ್ ಬೆಲ್ಟ್ ಕೊಂಡು ಅದನ್ನು ಮಡಿಲಲ್ಲಿಟ್ಟುಕೊಂಡು ನಾಟಕ ನೋಡಿದ್ದನ್ನು ನಾನು ಕಂಡಿದ್ದೇನೆ. ಇಂಥ ಸೌಕರ್ಯ ಇನ್ನಾವ ಊರಿನಲ್ಲಿದೆ? ಅಂಗಡಿಯ ಕೌಂಟರಿನಲ್ಲಿ ಮಾತ್ರ ನಾಟಕವಿಲ್ಲ, ನೇರ ವೈವಾ ಪರೀಕ್ಷೆ. "ಯಾವ್ ಗಾಡಿ? ಯಾವ್ ವರ್ಷ? ಕಾರ್ಬುರೇಟರ್ರಾ, ಎಂಪಿಎಫ್‌ಐ ಆ? ಕಂಪನಿದು ಬೇಕಾ, ಲೋಕಲ್ ನಡಿಯುತ್ತಾ?" ಉತ್ತರ ಹೇಳಲು ತಡವರಿಸಿದರೆ ಹುಡುಗ ನಿಮ್ಮ ಹೆಗಲ ಮೇಲಿಂದ ಹಿಂದಿನವರ ಕಡೆ ನೋಡುತ್ತಾನೆ. ಉತ್ತರ ಸರಿಯಾದರೆ, ನೂರಾರು ಪೊಟ್ಟಣಗಳ ನಡುವೆ ಕೈ ಹಾಕಿ ಕಣ್ಣೆತ್ತದೆ ಒಂದನ್ನು ಎಳೆದು ಕೌಂಟರಿನ ಮೇಲೆ ಎಸೆಯುತ್ತಾನೆ. ಗ್ರಂಥಾಲಯಗಳಲ್ಲಿ ಇಂಥವರಿದ್ದಿದ್ದರೆ ನಾನು ಇನ್ನೂ ನಾಲ್ಕು ಪುಸ್ತಕ ಓದಿರುತ್ತಿದ್ದೆ.

ಭಾನುವಾರ ಬೆಳಿಗ್ಗೆ ಶುರುಮಾಡಿದೆ. ಇಂಜಿನ್ನು ಪೂರ್ತಿ ತಣ್ಣಗಿರಬೇಕು, ಅದು ಮೊದಲ ನಿಯಮ. ಕವರು ತೆಗೆಯುವ ಮೊದಲು ಸುತ್ತಲಿನ ಮಣ್ಣು, ಜಿಡ್ಡು ಒರೆಸಿಬಿಡಬೇಕು, ಇಲ್ಲದಿದ್ದರೆ ಅಷ್ಟೂ ಇಂಜಿನ್ನಿನೊಳಕ್ಕೆ ಉದುರುತ್ತದೆ. ಎಲ್ಲ ಪೈಪು, ವೈರು ಬಿಡಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ಬಿಚ್ಚಿದ ಬೋಲ್ಟುಗಳಿಗೆ ಅಟ್ಟದ ಮೇಲಿದ್ದ ಹಳೆ ಇಡ್ಲಿ ತಟ್ಟೆ. ಯಾವ ಮೂಲೆಯ ಬೋಲ್ಟು ಯಾವ ಗುಳಿಯಲ್ಲಿ ಎಂಬುದು ಒಂದು ಸಲ ಗೊತ್ತುಮಾಡಿಕೊಂಡರೆ ಆಮೇಲೆ ಗೊಂದಲವೇ ಇಲ್ಲ. ಒಂದೊಂದು ಗುಳಿಯಲ್ಲೂ ಒಂದೊಂದು ಬೋಲ್ಟು, ಅದರ ಪಕ್ಕ ಅದರದೇ ವಾಷರ್ರು. ಮನೆಯಾಕೆ ಹೊರಗೆ ಬಂದು ನೋಡಿ, "ಆ ತಟ್ಟೆ ಇನ್ನು ನಿಮ್ಮ ಕಾರಿಗೇ ಇರಲಿ" ಎಂದಳು. ದಾನ ಸಿಕ್ಕಿದ್ದು ಹೀಗೆ.

ಅಷ್ಟರಲ್ಲಿ ಎದುರುಮನೆ ರಾಯರು ಬಂದರು. ಬ್ಯಾಂಕಿನಿಂದ ನಿವೃತ್ತರು. "ಏನ್ ಸ್ವಾಮಿ, ಇಂಜಿನ್ನೇ ಇಳಿಸ್ತಿದೀರಾ?" ಎಂದರು. ಬರೀ ಪ್ಯಾಕಿಂಗ್ ಎಂದೆ. ಅವರಿಗೆ ನಿರಾಸೆಯಾಯಿತು. "ಈಗಿನ ಪ್ಯಾಕಿಂಗ್ ಏನು ಪ್ಯಾಕಿಂಗು! ನಮ್ಮ ಮ್ಯಾನೇಜರ್ ಅಂಬಾಸಿಡರ್‌ಗೆ ಕಾರ್ಕ್‌ದು ಇತ್ತು" ಎಂದು ಕಾಂಪೌಂಡಿನ ಕಟ್ಟೆಗೆ ಒರಗಿದರು. ಹಾಗೆ ಒರಗಿದರೆಂದರೆ ಅರ್ಧ ಗಂಟೆ ಎಂದೇ ಲೆಕ್ಕ.

ರಾಯರ ಮಾತಿನಲ್ಲಿ ಹುರುಳಿತ್ತು. ಅಂಬಾಸಿಡರಿನ 1489 ಸಿಸಿ ಇಂಜಿನ್ನಿನ ಆ ಉದ್ದನೆ ಕವರನ್ನು ಮೇಲಿನ ಎರಡೇ ನಟ್ಟು ಹಿಡಿದಿದ್ದವು, ಕೆಳಗೆ ಕಾರ್ಕ್ ಪಟ್ಟಿ. ಕಾರ್ಕ್ ಎಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಪ್ರಪಂಚದ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ಮರಕ್ಕೆ 25 ವರ್ಷವಾಗುವ ತನಕ ಮುಟ್ಟುವಂತಿಲ್ಲ, ಆಮೇಲೆ 9 ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ಮರ ಕಡಿಯುವುದಿಲ್ಲ. ಸುಲಿದ ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಬರೆದು ಹೋಗುತ್ತಾರೆ, ಮುಂದಿನವನಿಗೆ ಲೆಕ್ಕ ತಪ್ಪದಿರಲಿ ಎಂದು. ಮೆಣಸಿನಕಾಯಿ, ಗೋಡಂಬಿ ತಂದುಕೊಟ್ಟವರ ಊರಿನ ಮರ ಇದು. ಬಾಟಲಿಯ ಬಿರಡೆಗೆ ಒದಗದ ತೊಗಟೆಯನ್ನು ಪುಡಿಮಾಡಿ, ಅಂಟು ಬೆರೆಸಿ ಹಾಳೆ ಮಾಡಿ ಕತ್ತರಿಸಿದರೆ ಪ್ಯಾಕಿಂಗು. ಇದನ್ನೆಲ್ಲ ಹೇಳಿದೆ. ರಾಯರು "ಅದು ಹೌದು" ಎಂದರು, ಮೊದಲೇ ಗೊತ್ತಿದ್ದವರಂತೆ.

ಇನ್ನೊಂದು ಹೇಳಲೇಬೇಕು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಪುಟ್ಟಪುಟ್ಟ ಕೋಣೆಗಳನ್ನು ಕಂಡು ಚಿತ್ರ ಬರೆದದ್ದು ಇದೇ ಕಾರ್ಕಿನದು. ಹೈಸ್ಕೂಲಿನಲ್ಲಿ ಜೀವಕೋಶದ ಪಾಠ ಶುರುವಾಗುತ್ತಿದ್ದುದೇ ಅಲ್ಲಿಂದ. ಆ ಕೋಣೆಗಳ ತುಂಬ ಗಾಳಿ. ಹಾಗಾಗಿ ಕಾರ್ಕನ್ನು ಮೇಲಿನಿಂದ ಒತ್ತಿದರೆ ಅಕ್ಕಪಕ್ಕಕ್ಕೆ ಉಬ್ಬುವುದೇ ಇಲ್ಲ ಎನ್ನಬಹುದು, ತನ್ನೊಳಗೇ ತಗ್ಗುತ್ತದೆ. ರಬ್ಬರು ಹಾಗಲ್ಲ. ಒತ್ತಿದರೆ ಅಷ್ಟನ್ನೂ ಪಕ್ಕಕ್ಕೆ ತಳ್ಳುತ್ತದೆ. ಈಗಿನ ಕವರುಗಳಲ್ಲಿ ರಬ್ಬರ್ ಪ್ಯಾಕಿಂಗಿಗೆಂದೇ ಕಾಲುವೆ ಕೊರೆದಿರುವುದು, ಅಲ್ಲಿ ಅದಕ್ಕೆ ಕೊಂಚ ಜಾಗ ಬಿಟ್ಟಿರುವುದು ಇದಕ್ಕೇ.

ಕವರು ಎತ್ತಿದೆ. ಹಳೆ ಪ್ಯಾಕಿಂಗು ಕಾಲುವೆಯಲ್ಲೇ ಅಂಟಿಕೊಂಡಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳಲಿಲ್ಲ. ತುದಿ ಹಿಡಿದು ಬಗ್ಗಿಸಿದರೆ ಟಕ್ಕೆಂದು ಮುರಿಯಿತು, ಮುರಿದ ಕಡೆ ಒಳಗೂ ಕರ್ರಗೆ ಹೊಳೆಯುತ್ತಿತ್ತು. ಕೆಳಭಾಗ ಪೂರ್ತಿ ಚಪ್ಪಟೆ. ಹೊಸದರ ಗುಂಡನೆ ಏಣು ಅಲ್ಲಿ ಹೆಸರಿಗೂ ಇರಲಿಲ್ಲ. ವರ್ಷಗಟ್ಟಲೆ ಕಾದು ಆರಿ, ಆರಿ ಕಾದು, ಅದರ ಪುಟಿಯುವ ಗುಣವೇ ಹೋಗಿತ್ತು. ಪುಟಿಯದ ರಬ್ಬರು ಏನು ಮಾಡಬಲ್ಲದು ಎಂಬುದಕ್ಕೆ ದೊಡ್ಡ ಸಾಕ್ಷಿ 1986ರ ಜನವರಿಯದು. ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಚೂರಾಗಿ ಏಳು ಜನ ಹೋದರು. ಆ ಬೆಳಗಿನ ಚಳಿಗೆ ಬಿರುಸಾದ ರಬ್ಬರ್ ರಿಂಗು ಅದರ ರಾಕೆಟ್ಟಿನ ಜೋಡಣೆಯ ಸಂದನ್ನು ತುಂಬಲಿಲ್ಲ. ತನಿಖೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟಕ್ಕೆ ಅದ್ದಿ ತೆಗೆದು ತೋರಿಸಿದರು, ಬಿಟ್ಟ ಮೇಲೂ ಅದು ಕೂಡಲೇ ಮೇಲೇಳಲಿಲ್ಲ. ಅಲ್ಲಿ ಚಳಿ, ಇಲ್ಲಿ ಕಾವು. ಅಷ್ಟೇ ವ್ಯತ್ಯಾಸ.

ಪಕ್ಕದ ಮನೆ ಪಿಯುಸಿ ಹುಡುಗ ಬಂದ. "ಅಂಕಲ್, ಯೂಟ್ಯೂಬಲ್ಲಿ ಒಬ್ಬ ಇದನ್ನ ಏಳು ನಿಮಿಷದಲ್ಲಿ ಮುಗಿಸ್ತಾನೆ."

"ಅವನ ಬೀದೀಲಿ ರಾಯರಿಲ್ಲ ಕಣಪ್ಪ" ಎಂದೆ. ರಾಯರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಕಾಫಿಗೆ ಒಪ್ಪಿದರು.

ಅಂಚುಗಳನ್ನು ಒರೆಸುವುದೇ ಇದರಲ್ಲಿ ಹೆಚ್ಚು ಹೊತ್ತು ತಿನ್ನುವ ಕೆಲಸ. ಹೆಡ್ಡು ಅಲ್ಯೂಮಿನಿಯಂ, ಕಬ್ಬಿಣದ ಪಟ್ಟಿಯಿಂದ ಕೆರೆದರೆ ಗೀರು ಬೀಳುತ್ತದೆ. ನಾನು ಹಳೆ ಎಟಿಎಂ ಕಾರ್ಡಿನಲ್ಲಿ ಕೆರೆದೆ. "ದುಡ್ಡು ಬರದಿದ್ರೂ ಜಿಡ್ಡು ಬಂತು" ಎಂದರು ಬ್ಯಾಂಕಿನ ರಾಯರು. ಪ್ಲಗ್ಗಿನ ಕುಳಿಗಳ ಸುತ್ತಲಿನ ಸೀಲುಗಳನ್ನೂ ಜೊತೆಗೇ ಬದಲಾಯಿಸಿದೆ. ಅವು ಸೋರಿದರೆ ಪ್ಲಗ್ಗು ಎಣ್ಣೆಯಲ್ಲಿ ಮುಳುಗಿ ಇಂಜಿನ್ನು ಮಿಸ್ ಹೊಡೆಯುತ್ತದೆ. ಬ್ರೀದರ್ ಪೈಪು ಊದಿ ನೋಡಿದೆ. ಅದು ಕಟ್ಟಿಕೊಂಡರೆ ಇಂಜಿನ್ನಿನೊಳಗೆ ಒತ್ತಡ ಏರಿ ಎಷ್ಟು ಹೊಸ ಪ್ಯಾಕಿಂಗಾದರೂ ಎಣ್ಣೆಯನ್ನು ಹೊರಗೆ ನೂಕುತ್ತದೆ.

ಇನ್ನು ಬಿಗಿಯುವ ವಿಚಾರ. ಇಲ್ಲೇ ನಮ್ಮವರ ಸ್ವಭಾವ ಬಯಲಾಗುವುದು. ಸೋರುತ್ತದೆಯೇ? ಬಿಗಿ. ಇನ್ನೂ ಸೋರುತ್ತದೆಯೇ? ಇನ್ನೂ ಬಿಗಿ. ಅಷ್ಟೂ ಸಾಲದಿದ್ದರೆ ಅಂಚಿನುದ್ದಕ್ಕೂ ಸಿಲಿಕೋನ್ ಪೇಸ್ಟು ಬಳಿ. ಪೇಸ್ಟು ಬೇಕಾದ್ದು ಎರಡು ಭಾಗ ಕೂಡುವ ಮೂಲೆಗಳಲ್ಲಿ, ಅದೂ ತಯಾರಕರು ಹೇಳಿದ್ದರೆ, ಒಂದು ಬೊಟ್ಟಿನಷ್ಟು. ಹೆಚ್ಚಾದದ್ದು ಒಳಗೆ ಉದುರಿ ಎಣ್ಣೆ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಬೋಲ್ಟುಗಳಿಗಾದರೆ ಬಹಳಷ್ಟು ಸಣ್ಣ ಕಾರುಗಳಲ್ಲಿ ಸುಮಾರು 10 ನ್ಯೂಟನ್ ಮೀಟರ್ ಸಾಕು. ಚಕ್ರದ ನಟ್ಟಿಗೆ ಬೇಕಾಗುವುದರ ಎಂಟು ಹತ್ತರಲ್ಲಿ ಒಂದು ಪಾಲು ಅಷ್ಟೇ! ನಡುವಿನಿಂದ ಹೊರಕ್ಕೆ, ಅಡ್ಡಡ್ಡ ದಾಟುತ್ತ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ಕವರು ಸೊಟ್ಟಗಾಗಿ, ರಬ್ಬರು ಹಿಂಡಿಹೋಗಿ ಮತ್ತೆ ಅಲ್ಲಿಂದಲೇ ಸೋರುತ್ತದೆ. ಮನೆಯಲ್ಲಿ ಗುಟ್ಟು ಕಾಯುವವರಿಗೂ, ಸೊಸೈಟಿ ನಡೆಸುವ ಸೆಕ್ರೆಟರಿಗಳಿಗೂ ಇದನ್ನು ಹೇಳಬೇಕೆನಿಸುತ್ತದೆ. ಆದರೆ ಅವರು ಬಾನೆಟ್ ಹತ್ತಿರ ಬರುವವರಲ್ಲ.

"ಕೊನೇದಾಗಿ ಒಂದು ತಿರುವು ಹಾಕಿಬಿಡಿ ಸ್ವಾಮಿ, ಗಟ್ಟಿಯಾಗಿರ್ಲಿ" ಎಂದರು ರಾಯರು. ಟಾರ್ಕ್ ವ್ರೆಂಚು ಟಕ್ಕೆಂದ ಮೇಲೆ ನಾನು ಕೈ ತೆಗೆದಾಗಿತ್ತು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಕಾರು ಸ್ಟಾರ್ಟ್ ಮಾಡಿ ಕಾಯಿಸಿ, ಅಂಚಿನ ಸುತ್ತ ಟಿಶ್ಯೂ ಒತ್ತಿ ನೋಡಿದೆವು. ಒಣಗಿಯೇ ಇತ್ತು. ರಾಯರು ತಾವೂ ಒಮ್ಮೆ ಒತ್ತಿ ನೋಡಿ, ತಮ್ಮ ಸ್ಕೂಟರಿನ ಕ್ಲಚ್ ಕೇಬಲ್ಲಿನ ಕತೆ ತೆಗೆದರು. ಆ ಕತೆ ಇನ್ನೊಂದು ಭಾನುವಾರಕ್ಕಾಯಿತು. ಅಂದ ಹಾಗೆ, ನಿಮ್ಮ ಕಾರಿನ ಬಾನೆಟ್ ಎತ್ತುವುದಿದ್ದರೆ ಒಂದು ದಿನ ಮುಂಚೆ ತಿಳಿಸಿ. ರಾಯರನ್ನೂ ಕರೆದುಕೊಂಡು ಬರುತ್ತೇನೆ. ಸ್ಪ್ಯಾನರ್ ನೀವೇ ಹಿಡಿಯಬೇಕು, ನಮ್ಮದೇನಿದ್ದರೂ ಕಾಫಿ ಮತ್ತು ಸಲಹೆ. ಸಕ್ಕರೆ ರಾಯರಿಗೆ ಅರ್ಧ ಚಮಚ.