ಮಾವನ ಹಳದಿ ಗಡಿಯಾರ

ನನ್ನ ಮೇಜಿನ ಖಾನೆಯಲ್ಲಿ ಐದು ಕೈಗಡಿಯಾರಗಳಿವೆ. ಅವುಗಳಲ್ಲಿ ಎರಡು ನಡೆಯುತ್ತವೆ. ಒಂದು ಮನಸ್ಸು ಬಂದರೆ ನಡೆಯುತ್ತದೆ. ಉಳಿದೆರಡು ನಡೆಯುವ ಆಸೆಯನ್ನೇ ಬಿಟ್ಟು ಬಹಳ ಕಾಲವಾಯಿತು. ಐದೂ ಒಂದೇ ಜಾತಿಯವು: ಬಲಗಡೆ ಎರಡು ಗುಂಡಿಗಳಿರುವ, ಮೋಟಾರು ಪಂದ್ಯದ ಕಾಲದ ಕ್ರೊನೋಗ್ರಾಫುಗಳು. ಕನ್ನಡ ಪಾಠ ಹೇಳುವವನಿಗೆ ಮೋಟಾರು ಪಂದ್ಯದ ಗಡಿಯಾರವೇಕೆ ಎಂದು ನನ್ನ ಸಹೋದ್ಯೋಗಿಗಳು ಕೇಳುವುದುಂಟು. ನನ್ನ ಮನೆಯಾಕೆಯ ಪ್ರಶ್ನೆ ಇನ್ನೂ ಸರಳ: "ಇರುವುದು ಒಂದು ಎಡಗೈ, ಐದು ಯಾಕೆ?"

ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಕ್ರೊನೋಗ್ರಾಫ್ ಎಂಬ ಗ್ರೀಕ್ ಮೂಲದ ಮಾತಿಗೆ 'ಕಾಲವನ್ನು ಬರೆಯುವುದು' ಎಂದು ಅರ್ಥ. ಇದು ಬರಿಯ ಅಲಂಕಾರವಲ್ಲ. ೧೮೨೧ರಲ್ಲಿ ಪ್ಯಾರಿಸಿನ ಕುದುರೆ ಪಂದ್ಯದಲ್ಲಿ ರಿಯೂಸೆಕ್ ಎಂಬ ಗಡಿಯಾರದವನು ಇಟ್ಟ ಯಂತ್ರ ನಿಜವಾಗಿಯೂ ಬರೆಯುತ್ತಿತ್ತು. ಕುದುರೆ ಗುರಿ ದಾಟಿದ ಕ್ಷಣ ಬಿಲ್ಲೆಯ ಮೇಲೆ ಮಸಿಯ ಚುಕ್ಕೆ ಇಡುತ್ತಿತ್ತು. ಮಸಿಯಲ್ಲಿ ಬರೆಯುವ ಗಡಿಯಾರದ ಮೇಲೆ ಭಾಷೆಯ ಮಾಸ್ಟ್ರಿಗೆ ಮೋಹ ಬಂದರೆ ತಪ್ಪೇನು?

ಕುದುರೆಯ ಜಾಗಕ್ಕೆ ಮೋಟಾರು ಬಂದ ಮೇಲೆ ಈ ಗಡಿಯಾರಗಳ ವೈಭವವೇ ಬೇರೆ. ಒಮೇಗದವರ ಸ್ಪೀಡ್‌ಮಾಸ್ಟರ್ ೧೯೫೭ರಲ್ಲಿ ಬಂತು. ೧೯೬೩ರಲ್ಲಿ ಹಾಯರ್ ಕಂಪೆನಿ ಮೆಕ್ಸಿಕೋದ ರಸ್ತೆ ಪಂದ್ಯದ ಹೆಸರನ್ನು ತೆಗೆದುಕೊಂಡು ಕರೇರಾ ಮಾಡಿತು. ಅದೇ ವರ್ಷ ರೋಲೆಕ್ಸಿನವರ ಡೇಟೋನಾ. ಪಾಲ್ ನ್ಯೂಮನ್ ಎಂಬ ಚಿತ್ರನಟ ಕಟ್ಟುತ್ತಿದ್ದ ಡೇಟೋನಾ ೨೦೧೭ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೆ ಹೋಯಿತು. ಡಾಲರು, ರೂಪಾಯಿಯಲ್ಲ. ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ನನ್ನವು ಆ ಕುಲದವಲ್ಲ. ತಾನೇ ಕೀ ತುಂಬಿಕೊಳ್ಳುವ ಕ್ರೊನೋಗ್ರಾಫನ್ನು ೧೯೬೯ರಲ್ಲಿ ಮೊದಲು ಹೊರತಂದವರು ಯಾರೆಂಬುದಕ್ಕೆ ಇಂದಿಗೂ ಮೂರು ಪಕ್ಷಗಳಿವೆ. ಎರಡು ಸ್ವಿಸ್ಸರವು, ಮೂರನೆಯದು ಜಪಾನಿನ ಸೀಕೊ. ನನ್ನದು ಈ ಮೂರನೆಯ ಪಕ್ಷ. ಹಳದಿ ಮುಖ, ಕೆಳಗೆ ಮೂವತ್ತು ನಿಮಿಷದ ಸಣ್ಣ ವರ್ತುಲ, ಅಂಚಿನ ಬಳೆಯಲ್ಲಿ ವೇಗ ಹೇಳುವ ಅಂಕಿಗಳು. ಇಂಥದೇ ಒಂದನ್ನು ವಿಲಿಯಂ ಪೋಗ್ ಎಂಬ ಅಮೆರಿಕದ ಗಗನಯಾತ್ರಿ ೧೯೭೩ರಲ್ಲಿ ಸ್ಕೈಲ್ಯಾಬಿಗೆ ಕಟ್ಟಿಕೊಂಡು ಹೋಗಿದ್ದ. ಇನ್ನೊಂದನ್ನು ನನ್ನ ಸೋದರಮಾವ ೧೯೭೬ರಲ್ಲಿ ದುಬಾಯಿಯಿಂದ ವೇಣೂರಿನ ಸಮೀಪದ ನಮ್ಮ ಮನೆಗೆ ಕಟ್ಟಿಕೊಂಡು ಬಂದಿದ್ದರು. ಪೋಗನ ಗಡಿಯಾರ ಪ್ರಸಿದ್ಧವಾಯಿತು.

ನಮ್ಮ ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವ, ಅಂದರೆ ತಮ್ಮಲೆ, ತಂದೆಗಿಂತ ಒಂದು ಮೆಟ್ಟಿಲು ಮೇಲೆ. ಮಾವನ ಕೈಯಲ್ಲಿದ್ದುದರ ಮೇಲೆ ಅಳಿಯನ ಕಣ್ಣು ಇರುವುದು ಸಹಜ. ನನಗೆ ಆ ಗಡಿಯಾರದ ಲೆಕ್ಕ ಕಲಿಸಿದ್ದು ಮೂಡಬಿದಿರೆಯ ಬಸ್ಸಿನಲ್ಲಿ. ಒಂದು ಕಿಲೋಮೀಟರು ಕಲ್ಲಿನ ಹತ್ತಿರ ಮೇಲಿನ ಗುಂಡಿ ಒತ್ತಬೇಕು, ಮುಂದಿನ ಕಲ್ಲಿನಲ್ಲಿ ಮತ್ತೆ ಒತ್ತಬೇಕು. ಮುಳ್ಳು ನಿಂತಲ್ಲಿ ಅಂಚಿನಲ್ಲಿರುವ ಅಂಕಿಯೇ ಗಂಟೆಗೆ ಎಷ್ಟು ಕಿಲೋಮೀಟರು ಎಂಬುದರ ಉತ್ತರ. ಮೂವತ್ತು ಸೆಕೆಂಡಾದರೆ ೧೨೦, ಅರುವತ್ತಾದರೆ ೬೦. ಅರುವತ್ತಕ್ಕಿಂತ ಕಡಿಮೆಯ ವೇಗಕ್ಕೆ ಆ ಬಳೆಯಲ್ಲಿ ಸ್ಥಾನವೇ ಇಲ್ಲ. ಗುರುವಾಯನಕೆರೆಯಿಂದ ವೇಣೂರಿನವರೆಗೆ ನಮ್ಮ ಬಸ್ಸು ಒಂದು ಸಲವೂ ಜಪಾನಿನ ಲೆಕ್ಕದೊಳಗೆ ಬರಲಿಲ್ಲ. ಒಂದು ದಿನ ಹಿಂದಿನ ಬಸ್ಸಿನವನೊಡನೆ ಹಟ ಕಟ್ಟಿ ಇಳಿಜಾರಿನಲ್ಲಿ ಓಡಿಸಿದಾಗ ಐವತ್ತೈದು ಸೆಕೆಂಡು ಬಂತು. "ಅರುವತ್ತೈದು!" ಎಂದು ಮಾವ ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ಇಳಿಯುವ ಸ್ಥಳ ಬಂತೆಂದು ಎದ್ದು ನಿಂತರು.

ಆದರೆ ಆ ಗಡಿಯಾರದ ನಿಜವಾದ ಕಣ ಕಂಬಳದ ಗದ್ದೆ. ಆಗ ತೀರ್ಪೆಂದರೆ ಕಣ್ಣಂದಾಜು; ಅದರ ಹಿಂದೆಯೇ ಬೆಳಗಿನವರೆಗೆ ತಕರಾರು. ಮಾವ ಮಂಜೊಟ್ಟಿಯ ಪಕ್ಕದಲ್ಲಿ ನಿಲ್ಲುವರು. ಗಂತಿನಿಂದ ಕೋಣಗಳು ಹೊರಟ ಕೂಡಲೇ ಒಂದು ಒತ್ತು, ಕೆಸರು ಎರಚುತ್ತ ಮಂಜೊಟ್ಟಿ ಏರಿದಾಗ ಇನ್ನೊಂದು. ಅವರನ್ನು ಯಾರೂ ತೀರ್ಪುಗಾರರಾಗಿ ನೇಮಿಸಿರಲಿಲ್ಲ. ಆದರೂ ಕೋಣಗಳ ಯಜಮಾನರು ಸುಮ್ಮನೆ ಬಳಿಗೆ ಬಂದು "ಏತಾಂಡ್?" ಎಂದು ಕೇಳಿ ಹೋಗುತ್ತಿದ್ದರು.

ಈಗ ಕಂಬಳದಲ್ಲಿ ಲೇಸರ್ ಬೆಳಕು ಬಂದಿದೆ. ಸೆಕೆಂಡಿನ ನೂರನೆಯ ಭಾಗವೂ ತಪ್ಪಿಸಿಕೊಳ್ಳಲಾರದು. ೨೦೨೦ರ ಫೆಬ್ರವರಿಯಲ್ಲಿ ಮೂಡಬಿದಿರೆಯ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಅದೇ ತಿಂಗಳು ನಮ್ಮ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ೧೪೩ ಮೀಟರನ್ನು ೧೩.೬೧ರಲ್ಲಿ ಮುಗಿಸಿದರು. ಪತ್ರಿಕೆಗಳು ತ್ರೈರಾಶಿ ಹಾಕಿ ನೂರು ಮೀಟರಿಗೆ ಒಂಬತ್ತೂವರೆ ಸೆಕೆಂಡೆಂದು ತೆಗೆದು, ಬೋಲ್ಟನ ೯.೫೮ರ ಪಕ್ಕದಲ್ಲಿ ಇಟ್ಟವು. ನನಗೆ ಈ ಹೋಲಿಕೆ ಹಿಡಿಸಲಿಲ್ಲ. ಬೋಲ್ಟನಿಗೆ ಮುಂದೆ ಎಳೆಯುವ ಕೋಣಗಳಿರಲಿಲ್ಲ. ಶೆಟ್ಟರಿಗೂ ಗೌಡರಿಗೂ ಕಾಲಡಿಯಲ್ಲಿ ಒಣನೆಲವಿರಲಿಲ್ಲ. ಮಾವ ಇದ್ದಿದ್ದರೆ ಬೇರೆ ಲೆಕ್ಕ ಹಾಕುತ್ತಿದ್ದರು: ಹದಿಮೂರೂವರೆ ಸೆಕೆಂಡು ದಾಟಿದಲ್ಲಿ ಬಳೆಯ ಅಂಕಿ ೨೬೪ರ ಆಸುಪಾಸು, ಅದನ್ನು ಕರೆಯ ಉದ್ದದಿಂದ ಗುಣಿಸಿದರೆ ಗಂಟೆಗೆ ಮೂವತ್ತೇಳೂವರೆ ಕಿಲೋಮೀಟರಿನ ಮೇಲೆ. ನಮ್ಮ ಬಸ್ಸಿನ ವೇಗ! ಅವರ ಗಡಿಯಾರ ಸೆಕೆಂಡಿಗೆ ಆರು ಸಲ ಬಡಿಯುವಂಥದು, ೧೩.೬೨ಕ್ಕೂ ೧೩.೬೧ಕ್ಕೂ ಇರುವ ಅಂತರ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಗೌಡರನ್ನೂ ಶೆಟ್ಟರನ್ನೂ ಅದು ಸಮ ಎಂದು ಹೇಳಿ ಕಳುಹಿಸುತ್ತಿತ್ತು.

ಮಾವ ಇಲ್ಲ. ಅವರಿಗಿಂತ ಮೊದಲೇ ಗಡಿಯಾರವೂ ಹೋಗಿತ್ತು. ನಾನು ಎಂ.ಎ.ಗೆಂದು ಮಂಗಳಗಂಗೋತ್ರಿಗೆ ಸೇರಿದ ವರ್ಷ, ಅಂದರೆ ೨೦೦೦ದಲ್ಲಿ, ಅದು ಫಲ್ಗುಣಿ ಹೊಳೆಯಲ್ಲಿ ಸ್ನಾನಕ್ಕಿಳಿದಾಗ ಬಿದ್ದುಹೋಯಿತೆಂದು ಹೇಳಿದರು. ಹೊಳೆಗೆ ಯಾರಾದರೂ ಗಡಿಯಾರ ಕಟ್ಟಿಕೊಂಡು ಇಳಿಯುತ್ತಾರೆಯೇ ಎಂದು ನಾನು ನಕ್ಕೆ. ಒಮ್ಮೆಯಲ್ಲ, ಹಬ್ಬಕ್ಕೆ ಮನೆಗೆ ಹೋದಾಗಲೆಲ್ಲ, ನೆಂಟರಿಷ್ಟರ ಮುಂದೆ. ಮಾವನೂ ನಗುತ್ತಿದ್ದರು. ೨೦೧೧ರಲ್ಲಿ ಅವರ ಬೊಜ್ಜ ಮುಗಿದ ರಾತ್ರಿ ಅತ್ತೆ ಮಾತಿನ ನಡುವೆ, ನನಗೆ ಗೊತ್ತೇ ಇದೆಯೆಂದು ಭಾವಿಸಿ, "ನಿನ್ನ ಹಾಸ್ಟೆಲಿಗೆ ಕಟ್ಟಲಿಕ್ಕೆ ಅಲ್ಲವಾ ಅದನ್ನು ಕೊಟ್ಟದ್ದು" ಎಂದರು. ಯಾರಿಗೆ ಕೊಟ್ಟರೆಂದು ಅವರಿಗೂ ತಿಳಿದಿರಲಿಲ್ಲ.

ಮನೆಯಾಕೆಯ ಪ್ರಶ್ನೆಗೆ ಉತ್ತರ ಇದು. ನಾನು ಸಂಗ್ರಹಕಾರನಲ್ಲ, ಒಂದನ್ನು ಹುಡುಕುತ್ತ ಐದು ಕೂಡಿಹೋದವು.

ಹುಡುಕುವುದೂ ಸುಲಭವಲ್ಲ. ಪೇಟೆಯಲ್ಲಿ ಸಿಕ್ಕುವ ಹಳದಿ ಮುಖಗಳಲ್ಲಿ ಬಹುಪಾಲು ಹೊಸದಾಗಿ ಬಣ್ಣ ಬಳಿದವು. ಅಕ್ಷರ ದಪ್ಪ, ಗೆರೆಗಳು ಒಂದರ ಪಕ್ಕ ಒಂದು ಓರೆ, ಹಳದಿಯಂತೂ ಮದುವೆ ಮನೆಯ ಲಾಡಿನ ಹಾಗೆ. ಮೊದಲನೆಯದರಲ್ಲಿ ನಾನು ಮೋಸಹೋದೆ. ಎರಡನೆಯದರಲ್ಲೂ ಹೋದೆ ಎಂಬುದನ್ನು ಇಲ್ಲಿ ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ. ಮೂರನೆಯದರ ಹೊತ್ತಿಗೆ ಬಂಟ್ವಾಳ ಪೇಟೆಯ ಹಳೆಯ ರಿಪೇರಿಯವರ ಬಳಿಗೆ ಹೋಗುವ ಬುದ್ಧಿ ಬಂತು. ಮಾವನ ಗಡಿಯಾರವನ್ನು ಎರಡು ಸಲ ಬಿಚ್ಚಿ ಎಣ್ಣೆ ಹಾಕಿದವರು ಅವರೇ. ಗಡಿಯಾರ ರಿಪೇರಿಯವರಲ್ಲಿ ಒಂದು ಪದ್ಧತಿ ಉಂಟು: ಕೆಲಸ ಮುಗಿದ ಮೇಲೆ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀಚಿಡುವುದು. ಕಟ್ಟಿಕೊಂಡವನಿಗೆ ಅದು ಜನ್ಮದಲ್ಲಿ ಕಾಣುವುದಿಲ್ಲ; ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ. "ನನ್ನ ಗೀಟು ಇದ್ದರೆ ಅದೇ, ಇಲ್ಲದಿದ್ದರೆ ಅಲ್ಲ. ಇದರಲ್ಲಿ ಚರ್ಚೆ ಇಲ್ಲ, ಮಾಸ್ಟ್ರೇ" ಎಂದರು.

ಹೀಗಾಗಿ ಹೊಸದೊಂದು ಸಿಕ್ಕಿದಾಗಲೆಲ್ಲ ಮೂಡಬಿದಿರೆಯಿಂದ ಸಿದ್ಧಕಟ್ಟೆಯ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋಗುತ್ತೇನೆ. ಅವರು ಮುಚ್ಚಳ ತಿರುಗಿಸುವಾಗ ನನಗೆ ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಎದೆಬಡಿತ.

ಐದನೆಯದು ಕುಂದಾಪುರದ ಕಡೆಯ ಒಬ್ಬರಿಂದ ಕಳೆದ ಮಳೆಗಾಲದಲ್ಲಿ ಬಂತು. ಮುಖ ಅಸಲಿ, ಬಿಸಿಲಿಗೆ ಹಳದಿ ತಿರುಗಿ ಒಣಗಿದ ಹುಲ್ಲಿನ ಬಣ್ಣವಾಗಿತ್ತು. ಅವರು ಮುಚ್ಚಳ ತೆಗೆದು ಕಣ್ಣಿಗೆ ಮಸೂರ ಇಟ್ಟು ಬಹಳ ಹೊತ್ತು ನೋಡಿದರು. ಒಳಗೆ ಮೂರು ಗುರುತುಗಳಿದ್ದವು. ಒಂದು ಮಲಯಾಳದ ಅಕ್ಷರ, ಒಂದು ಬರಿಯ ಅಂಕಿ, ಒಂದು ಏನೆಂದು ಓದಲಾಗದ್ದು. ಮಸೂರವನ್ನು ನನ್ನ ಕಡೆಗೆ ಚಾಚಿದರು. ನಾನೂ ನೋಡಿದೆ.

"ಇದು ಬೇರೆ ಯಾರದೋ ಮಾವನದು" ಎಂದರು. "ಮುಚ್ಚಲೇ?"

"ಎಣ್ಣೆ ಹಾಕಿ. ಹಾಗೆಯೇ ನಿಮ್ಮದೊಂದು ಗೀಟೂ ಇರಲಿ."

"ತಾರೀಖು ಎಷ್ಟು ಇವತ್ತು?" ಎಂದು ಕೇಳಿ, ಕನ್ನಡಕವನ್ನು ಹಣೆಗೇರಿಸಿ, ಅವರು ಸೂಜಿಯನ್ನು ಹುಡುಕತೊಡಗಿದರು.